ಎಂಜಲಿನ ಲೆಕ್ಕ

ನಾವು ಊಟಕ್ಕೆ ಕೂತರೆ ಅಜ್ಜಿ ಮೊದಲು ನೋಡುತ್ತಿದ್ದದ್ದು ನಮ್ಮ ಕೈಗಳನ್ನು. ಎಷ್ಟು ಉಂಡಿರಿ, ಏನು ಬಿಟ್ಟಿರಿ ಅನ್ನುವುದೆಲ್ಲ ಆಮೇಲಿನ ಮಾತು. ಉಣ್ಣುವ ಬಲಗೈ ಅಪ್ಪಿತಪ್ಪಿ ಸಾರಿನ ಸೌಟು ಮುಟ್ಟಿತೋ, "ಎಂಜಲಾತು ನೋಡು!" ಅಂತ ಒಂದು ಕೂಗು. ಎಡಗೈಯಲ್ಲಿ ಬಡಿಸಿಕೊಳ್ಳಬೇಕು, ಸೌಟು ತಟ್ಟೆಗೆ ತಾಗಬಾರದು, ತಂಬಿಗೆಯನ್ನು ತುಟಿಗೆ ಹಚ್ಚದೆ ಮೇಲಿನಿಂದ ನೀರು ಹೊಯ್ದುಕೊಳ್ಳಬೇಕು, ಉಂಡ ಜಾಗ ಒರೆಸುವ ತನಕ ಯಾರೂ ದಾಟಬಾರದು. ಹೊನ್ನಾಳಿ ಕಡೆಯ ಹಳ್ಳಿಮನೆ, ಉಣ್ಣುವ ಬಾಯಿ ಒಂಬತ್ತು. ಇಷ್ಟು ಜನರ ನಡುವೆ ಅಜ್ಜಿ ಈ ಕಾನೂನನ್ನು ಒಂದು ದಿನವೂ ಸಡಿಲ ಬಿಟ್ಟದ್ದು ನನಗೆ ನೆನಪಿಲ್ಲ.

ಪಿಯುಸಿಯಲ್ಲಿ ಎರಡು ವಿಷಯ ಹೋಗಿ, ಮತ್ತೆ ಕಟ್ಟುವ ಮನಸ್ಸಿಲ್ಲದೆ, ದಾವಣಗೆರೆಯ ಒಂದು ಹಲ್ಲಿನ ಕ್ಲಿನಿಕ್ಕಿಗೆ ಕೆಲಸಕ್ಕೆ ಸೇರಿದೆ. ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟ್ರು, ಅವರ ಪಕ್ಕ ನಿಲ್ಲುವ ಕೆಲಸ ಅಂತ ಮನೆಯಲ್ಲಿ ವಿವರಿಸಿದೆ. ಎಲ್ಲ ಕೇಳಿಸಿಕೊಂಡ ಅಜ್ಜಿ ಒಂದೇ ಮಾತು ಕೇಳಿದಳು: "ಅಂದ್ರ ಊರ ಮಂದಿ ಎಂಜಲು ಬಳಿಯೋ ಕೆಲಸ?"

ಇಲ್ಲ ಅಂತ ವಾದಿಸಿದೆ. ಹನ್ನೆರಡು ವರ್ಷ ಆಯ್ತು. ಈಗ ಅನ್ನಿಸುತ್ತದೆ, ನನ್ನ ಕೆಲಸವನ್ನು ಅಷ್ಟು ಸರಿಯಾಗಿ ಮತ್ಯಾರೂ ಹೇಳಿಲ್ಲ.

ಬೇರೆಯವರು ಕೊಟ್ಟ ಹೆಸರುಗಳು ಯಾವುವೂ ಪೂರ್ತಿ ಕೂರುವುದಿಲ್ಲ. ಸಂಬಳದ ಪುಸ್ತಕದಲ್ಲಿ ನಾನು ಅಸಿಸ್ಟೆಂಟ್. ಮಕ್ಕಳನ್ನು ಕರೆತರುವ ತಾಯಂದಿರಿಗೆ ಸಿಸ್ಟರ್. ಮಕ್ಕಳಿಗೆ ಏಳೆಂಟು ವರ್ಷ ಅಕ್ಕ ಆಗಿದ್ದೆ. ಈಚೆಗೆ, ನನ್ನನ್ನು ಒಂದು ಮಾತೂ ಕೇಳದೆ, ಆಂಟಿ ಮಾಡಿಬಿಟ್ಟಿದ್ದಾರೆ. 1948ರ ದಂತವೈದ್ಯರ ಕಾಯ್ದೆ ಡಾಕ್ಟರ ಜೊತೆಗೆ ಹಲ್ಲು ಶುಚಿ ಮಾಡುವ ಡೆಂಟಲ್ ಹೈಜಿನಿಸ್ಟ್, ಹಲ್ಲುಸೆಟ್ಟು ತಯಾರಿಸುವ ಡೆಂಟಲ್ ಮೆಕ್ಯಾನಿಕ್ ಅಂತ ಇನ್ನೂ ಎರಡು ಬಗೆಯವರನ್ನು ಹೆಸರಿಸಿ ಅವರಿಗೆ ನೋಂದಣಿ ಇಟ್ಟಿತು. ಕುರ್ಚಿಯ ಪಕ್ಕ ನಿಂತು ಉಗುಳು ಹೀರುವ ಸಕ್ಷನ್ ಹಿಡಿಯುವವಳ ನೆನಪು ಅದಕ್ಕೆ ಬರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ನೋಡಿ ನೋಡಿ ಕಲಿತವರು. ಎರಡು ದಂತ ಕಾಲೇಜುಗಳಿರುವ ಊರಿನಲ್ಲಿ ಹಾಗೆ ಕಲಿತವರಿಗೇನೂ ಬರವಿಲ್ಲ.

ಕ್ಲಿಪ್ ಅಂಟಿಸುವ ದಿನ ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ, ಹಲ್ಲು ಒಣಗಿಸುವುದು ಅನ್ನುತ್ತೇನೆ. ನಗುತ್ತಾರೆ. ಬಾಯೊಳಗೆ ಹಲ್ಲನ್ನು ಒಣಗಿಸಿಡುವುದು ಅಂದರೆ ಮಳೆಗಾಲದಲ್ಲಿ ಹಪ್ಪಳ ಒಣಗಿಸಿದ ಹಾಗೆ. ಮನುಷ್ಯನ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್‌ವರೆಗೆ ಉಗುಳು ಊರುತ್ತದಂತೆ. ತುಟಿ ಅಗಲಿಸುವ ಪ್ಲಾಸ್ಟಿಕ್ ಬಳೆ ಹಾಕಿ ಮಲಗಿಸಿದ ಕೂಡಲೇ ಆ ಒಂದೂವರೆ ಲೀಟರೂ ಒಂದೇ ಸಲ ಬಂತೇನೋ ಅನ್ನಿಸುತ್ತದೆ. ಬಾಯಿಗೆ ಪಾಪ ಏನು ಗೊತ್ತು, ಏನೋ ತಿನ್ನಲು ಕೊಡುತ್ತಾರೆ ಅಂದುಕೊಂಡಿರುತ್ತದೆ.

ಹಲ್ಲನ್ನು ಉಜ್ಜಿ, ತೊಳೆದು, ನೀಲಿ ಬಣ್ಣದ ಜೆಲ್ ಹಚ್ಚುತ್ತಾರೆ. ಅದು ಶೇಕಡಾ 37ರ ಫಾಸ್ಫಾರಿಕ್ ಆಸಿಡ್. ಮೂವತ್ತು ಸೆಕೆಂಡು ಬಿಟ್ಟು ತೊಳೆದು ಗಾಳಿ ಊದಿದರೆ ಹೊಳೆಯುತ್ತಿದ್ದ ಹಲ್ಲು ಹೊಳಪು ಕಳಕೊಂಡು ಈಗಷ್ಟೇ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗುತ್ತದೆ. ಆ ಬಿಳುಪು ಕಂಡರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲಿನ ಮೈಯಲ್ಲಿ ಕಣ್ಣಿಗೆ ಕಾಣದ ಗುಳಿಗಳು ತೆರೆದಿವೆ ಅಂತ ಅರ್ಥ. ಅಂಟು ಒಳಗಿಳಿದು ಹಿಡಿಯುವುದು ಆ ಗುಳಿಗಳಲ್ಲೇ. ಈಗ ಅದರ ಮೇಲೆ ಒಂದು ಹನಿ ಉಗುಳು ಬಿತ್ತೋ, ಗುಳಿಗಳೆಲ್ಲ ಮುಚ್ಚಿದವು, ಮತ್ತೆ ಮೊದಲಿನಿಂದ. ಅದಕ್ಕೇ ನನ್ನ ಎಡಗೈಯಲ್ಲಿ ಸಕ್ಷನ್ ಕೊಳವೆ ಕಡೆಯ ದವಡೆಹಲ್ಲಿನ ಹಿಂದೆ ಕಾದು ಕೂತಿರುತ್ತದೆ. ಸ್ವಲ್ಪ ಒಳಗೆ ಹೋದರೆ ಹುಡುಗನಿಗೆ ವಾಕರಿಕೆ. ಸ್ವಲ್ಪ ಪಕ್ಕಕ್ಕೆ ಸರಿದರೆ ಕೆನ್ನೆಯನ್ನೇ ಸೊರ್ರನೆ ಎಳೆದುಕೊಂಡು ಎಲ್ಲರಿಗೂ ನಗು. ಬಲಗೈ ಅಷ್ಟರಲ್ಲಿ ಹಲ್ಲಿಗೆ ಅಂಟಿಸುವ ಪುಟ್ಟ ಲೋಹದ ತುಂಡಾದ ಬ್ರಾಕೆಟ್ಟಿನ ಬೆನ್ನಿಗೆ ಅಂಟು ಮೆತ್ತಿ ಡಾಕ್ಟ್ರು ಮೇಡಂ ಕೈಗೆ ಕೊಡುತ್ತಿರಬೇಕು. ಅಂಟು ಕಡಿಮೆಯಾದರೆ ನಾಳೆಯೇ ಕಿತ್ತು ಬರುತ್ತದೆ, ಹೆಚ್ಚಾದರೆ ಸುತ್ತ ಉಕ್ಕಿ ಅಲ್ಲಿ ಕೊಳೆ ಕೂರುತ್ತದೆ. ಎಷ್ಟು ಅಂದರೆ ಎಷ್ಟು? ಅಡುಗೆಗೆ ಉಪ್ಪು ಹಾಕುವವರನ್ನು ಕೇಳಿದ ಹಾಗಾಯಿತು.

ಕಡೆಗೆ ಅಂಟನ್ನು ಗಟ್ಟಿ ಮಾಡುವ ನೀಲಿ ದೀಪ, ಹಲ್ಲಿಗೆ ಇಪ್ಪತ್ತು ಸೆಕೆಂಡು. ಆ ದೀಪದ ತುದಿಗೆ ಪ್ರತಿ ರೋಗಿಗೂ ಹೊಸ ಪ್ಲಾಸ್ಟಿಕ್ ತೊಡಿಸುತ್ತೇವೆ. ಸೇರಿದ ಮೊದಲ ವಾರ ಅದನ್ನು ತೊಡಿಸುವಾಗ ನನಗೆ ನಗು ಬಂದಿತ್ತು. ನೆನಪಾದದ್ದು ಶಾಲೆಯ ಗುಬ್ಬಿ ಎಂಜಲು. ಒಂದೇ ಪೆಪ್ಪರ್‌ಮೆಂಟನ್ನು ಇಬ್ಬರು ಹಂಚಿಕೊಳ್ಳಬೇಕಾದರೆ ಲಂಗದ ಅಂಚಿನಲ್ಲಿ ಸುತ್ತಿ ಕಟಕ್ ಅಂತ ಕಡಿಯುತ್ತಿದ್ದೆವಲ್ಲ, ನಡುವೆ ಬಟ್ಟೆ ಇದೆ, ಎಂಜಲಾಗಲಿಲ್ಲ ಅಂತ. ಇಲ್ಲಿ ಹದಿನೈದು ಸಾವಿರದ ದೀಪಕ್ಕೂ ಅದೇ ಲೆಕ್ಕ.

ಬ್ರಾಕೆಟ್ಟುಗಳ ವಿಷಯದಲ್ಲಿ ನನ್ನದೊಂದು ತಪ್ಪಿದೆ. ಬರೆದುಬಿಡುತ್ತೇನೆ. ಹೆಸರುಕಾಳಿನಷ್ಟು ಇರುವ ಈ ಲೋಹದ ತುಂಡು ನೋಡಲು ಎಲ್ಲ ಒಂದೇ ಥರ. ಆದರೆ ಒಂದೊಂದು ಹಲ್ಲಿಗೆ ಒಂದೊಂದು. ಆ ಹಲ್ಲು ಎಷ್ಟು ವಾಲಬೇಕು, ಬೇರು ಯಾವ ಕಡೆ ತಿರುಗಬೇಕು ಅನ್ನುವುದು ಬ್ರಾಕೆಟ್ಟಿನ ಸೀಳಿನಲ್ಲೇ ಕೊರೆದಿರುತ್ತದೆ. ಮೂಲೆಯಲ್ಲಿ ಚುಕ್ಕೆ ಬಣ್ಣ ಇರುತ್ತದೆ, ಅದನ್ನು ನೋಡಿ ಎಡ ಬಲ ತಿಳಿಯಬೇಕು. ನಾನು ಸೇರಿದ ಎರಡನೇ ವರ್ಷ, ಒಂದು ಶನಿವಾರ ಮಧ್ಯಾಹ್ನ, ಹೊರಗೆ ಹನ್ನೊಂದು ಜನ ಕಾದಿದ್ದರು. ಮೇಲಿನ ಬಾಚಿಹಲ್ಲಿನ ಪಕ್ಕದ ಎರಡು ಹಲ್ಲುಗಳ ಬ್ರಾಕೆಟ್ಟುಗಳನ್ನು ಅದಲುಬದಲು ಮಾಡಿ ಕೊಟ್ಟೆ. ಅಂಟಿತು, ಗಟ್ಟಿಯಾಯಿತು, ಹುಡುಗ ಕನ್ನಡಿ ನೋಡಿಕೊಂಡು ಹೋದ. ನಾಲ್ಕನೇ ಭೇಟಿಯಲ್ಲಿ ಮೇಡಂ ಹಳೆಯ ಫೋಟೋ ಹೊಸ ಫೋಟೋ ಪಕ್ಕ ಪಕ್ಕ ಇಟ್ಟುಕೊಂಡು ತುಂಬಾ ಹೊತ್ತು ಸುಮ್ಮನಿದ್ದರು. ಎರಡು ಹಲ್ಲೂ ವಾಲಬೇಕಾದ ದಿಕ್ಕು ಬಿಟ್ಟು ಹೊರಕ್ಕೆ ವಾಲಿದ್ದವು. ನನ್ನ ಕೈಕಾಲು ತಣ್ಣಗಾದವು.

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಅವರು ಹೇಳಿದ್ದು ಇಷ್ಟೇ: "ಕೊಟ್ಟದ್ದು ನೀನು, ಅಂಟಿಸಿದ್ದು ನಾನು. ಇಬ್ಬರೂ ನೋಡಲಿಲ್ಲ." ಹುಡುಗನ ಅಪ್ಪನನ್ನು ಒಳಗೆ ಕರೆದು ಇದ್ದದ್ದನ್ನು ಇದ್ದ ಹಾಗೇ ಹೇಳಿದರು, ಎರಡನ್ನೂ ತೆಗೆದು ಮತ್ತೆ ಅಂಟಿಸಿದರು. ಆ ಹುಡುಗನಿಗೆ ಮೂರು ತಿಂಗಳು ಜಾಸ್ತಿ ಹಿಡಿಯಿತು. ಅವತ್ತಿನಿಂದ ನಾನು ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿ ಕೊಡುತ್ತೇನೆ. "ಮೇಲೆ, ಎಡ, ಎರಡು." ಮೇಡಂ "ಎರಡು" ಅಂತ ತಿರುಗಿ ಹೇಳಿದ ಮೇಲೇ ನನ್ನ ಚಿಮಟ ಬಿಡುತ್ತದೆ. ಕುರ್ಚಿಯಲ್ಲಿ ಮಲಗಿದವರಿಗೆ ಇದು ಮಗ್ಗಿ ಒಪ್ಪಿಸಿದಂತೆ ಕೇಳಿಸುತ್ತದಂತೆ.

ಅಂಟಿಸಿದ ಮೇಲೆ ತಂತಿ. ಜನ ತಿಳಿದಂತೆ ನಾವು ಬಿಗಿಯಾಗಿ ಎಳೆದು ಹಲ್ಲನ್ನು ಸಾಲಿಗೆ ತರುವುದಿಲ್ಲ. ಮೊದಲ ತಿಂಗಳ ತಂತಿ ಮೂರು ನಾಲ್ಕು ತಲೆಕೂದಲು ಸೇರಿಸಿದಷ್ಟು ದಪ್ಪ ಅಷ್ಟೇ. ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ಲೋಹ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು, 1970ರ ದಶಕದ ಆರಂಭದಲ್ಲಿ ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆಂಡ್ರಿಯಾಸನ್ ಅನ್ನುವವರು ಅದನ್ನು ಹಲ್ಲಿಗೆ ತಂದರು ಅಂತ ಮೇಡಂ ಒಮ್ಮೆ ಹೇಳಿದ್ದರು. ಅದರ ಗುಣ ನೋಡಬೇಕೆಂದರೆ ಐಸ್ ನೀರು ಸಾಕು. ಶಾಖಕ್ಕೆ ಎಚ್ಚರಾಗುವ ಒಂದು ಜಾತಿಯ ತಂತಿಯನ್ನು ಐಸ್ ನೀರಿನಲ್ಲಿ ಅದ್ದಿದರೆ ಹಸಿ ದಾರದಂತೆ ಬಳಕುತ್ತದೆ, ಹೇಗೆ ಬಗ್ಗಿಸಿದರೆ ಹಾಗೆ ನಿಲ್ಲುತ್ತದೆ. ಅದೇ ತಂತಿ ಬಾಯಿಯ ಬಿಸಿಗೆ ತನ್ನ ಹಳೆಯ ಕಮಾನು ನೆನಪು ಮಾಡಿಕೊಂಡು ನಿಧಾನಕ್ಕೆ ನೆಟ್ಟಗಾಗತೊಡಗುತ್ತದೆ, ಜೊತೆಗೆ ಹಲ್ಲನ್ನೂ ಕರೆದುಕೊಂಡು. ರಾತ್ರಿ ನೋವೆಂದು ಫೋನ್ ಮಾಡಿದವರಿಗೆ ತಣ್ಣೀರು ಮುಕ್ಕಳಿಸಿ ಅನ್ನುವುದಕ್ಕೆ ಕಾರಣ ಇದು.

ಒಂದು ಕಡೆ ಒತ್ತಿದರೆ ಅಲ್ಲಿಯ ಮೂಳೆ ಕರಗುತ್ತದೆ, ಬಿಟ್ಟ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಜೋರು ಮಾಡಿದರೆ ಕೆಲಸ ಬೇಗ ಆಗುವ ಬದಲು ಬೇರಿಗೇ ಏಟು. ಇದನ್ನು ತಾಳ್ಮೆಯಿಂದ ವಿವರಿಸುವ ಕೆಲಸ ನನ್ನದೇ. ಯಾಕೆಂದರೆ ಮೇಡಂ ಹತ್ತಿರ ಕೇಳಲು ಸಂಕೋಚಪಡುವ ಪ್ರಶ್ನೆ ಹೊರಗೆ ಬಿಲ್ಲು ಕಟ್ಟುವಾಗ ನನ್ನ ಹತ್ತಿರ ಬರುತ್ತದೆ. "ಸಿಸ್ಟರ್, ಮಾಘದಾಗ ಹುಡುಗಿ ನೋಡಾಕ ಬರ್ತಾರ. ಆರು ತಿಂಗಳದಾಗ ಮುಗಿಸಾಕ ಆಗಂಗಿಲ್ಲೇನ್ರಿ?" ಆಗುವುದಿಲ್ಲ ಅಂತ ಹೇಳುವುದನ್ನು ಹನ್ನೆರಡು ವರ್ಷದಿಂದ ಅಭ್ಯಾಸ ಮಾಡುತ್ತಿದ್ದೇನೆ. ಗಂಡುಮಕ್ಕಳ ತಾಯಂದಿರು ಈ ಪ್ರಶ್ನೆ ಕೇಳಿದ್ದು ನಾನು ಕಂಡಿಲ್ಲ.

ನಮ್ಮ ಕ್ಲಿನಿಕ್ಕಿಗೆ ತನ್ನದೇ ಪಂಚಾಂಗ ಇದೆ. ಸಂಕ್ರಾಂತಿಯ ಮರುದಿನದಿಂದ ಒಂದು ವಾರ ಕಬ್ಬು, ಸಕ್ಕರೆ ಅಚ್ಚು ಮತ್ತು ಎಳ್ಳುಬೆಲ್ಲದ ಕೊಬ್ಬರಿ ಚೂರಿನವರು. ಗಣೇಶನ ಹಬ್ಬದ ಮೇಲೆ ಚಕ್ಕುಲಿಯವರು. ವರ್ಷವಿಡೀ ಖಡಕ್ ರೊಟ್ಟಿಯವರು. ಎಲ್ಲರ ಕೈಯಲ್ಲೂ ಒಂದು ಕಾಗದದ ಪೊಟ್ಟಣ, ಅದರೊಳಗೆ ಕಿತ್ತುಬಂದ ಬ್ರಾಕೆಟ್ಟು. "ಅನ್ನ ಉಣ್ಣಾಕತ್ತಿದ್ದೆ, ತಾನಾಗೇ ಬಿತ್ತು" ಅನ್ನುವ ಮಾತಿನ ಜೊತೆಗೆ ಹಲ್ಲುಸಂದಿಯಲ್ಲಿ ಮಂಡಕ್ಕಿಯ ಜೊತೆಗಿನ ಶೇಂಗಾ ಸಾಕ್ಷಿ ಹೇಳುತ್ತಿರುತ್ತದೆ. ದಾವಣಗೆರೆಯಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ಬಿಡಿ ಅಂತ ಹೇಳಲು ನನಗೂ ನಾಲಿಗೆ ಏಳುವುದಿಲ್ಲ. ಮಂಡಕ್ಕಿ ತಿನ್ನಿ, ಶೇಂಗಾ ಆರಿಸಿ ಪಕ್ಕಕ್ಕಿಡಿ ಅನ್ನುತ್ತೇನೆ. ಬೆಣ್ಣೆದೋಸೆಗೆ ಮಾತ್ರ ಯಾವ ನಿರ್ಬಂಧವೂ ಇಲ್ಲ, ಮೆತ್ತಗಿರುತ್ತದೆ.

ತಂತಿಯನ್ನು ಹಿಡಿದಿಡುವ ಪುಟ್ಟ ರಬ್ಬರ್ ಉಂಗುರಗಳ ಬಣ್ಣ ಆರಿಸುವುದು ಮಕ್ಕಳಿಗೆ ಬಿಟ್ಟದ್ದು. ನವೆಂಬರ್ ಹತ್ತಿರ ಬಂದರೆ ಹಳದಿ ಕೆಂಪು ಕೇಳುವ ಹುಡುಗರಿರುತ್ತಾರೆ. ಮದುವೆ ಇಟ್ಟುಕೊಂಡವರು ಕಾಣಬಾರದು ಅಂತ ಬಣ್ಣವಿಲ್ಲದ್ದನ್ನು ಆರಿಸುತ್ತಾರೆ. ಎರಡೇ ದಿನ, ಸಾರಿನ ಅರಿಸಿನ ಕುಡಿದು ಅದು ಹಳದಿ ಅಂದರೆ ಹಳದಿ. ಮೊದಲೇ ಹೇಳಿರುತ್ತೇನೆ. ಕೇಳುವುದಿಲ್ಲ.

ಜಗಳೂರು, ಪಾವಗಡ ಕಡೆಯಿಂದ ಬರುವ ಮಕ್ಕಳ ವಿಷಯ ಬೇರೆ. ಅವರು ತುಟಿ ಮುಚ್ಚಿಕೊಂಡೇ ಮಾತಾಡುತ್ತಾರೆ. ಬಾಯಿ ತೆರೆಸಿದರೆ ಹಲ್ಲಿನ ಮೇಲೆ ಕಂದು ಪಟ್ಟೆ, ಕೆಲವರಿಗೆ ಅಲ್ಲಲ್ಲಿ ಹಳ್ಳ. ಅವರು ಸರಿಯಾಗಿ ಉಜ್ಜಿಲ್ಲ ಅಂತ ಶಾಲೆಯಲ್ಲಿ ಬೈಸಿಕೊಂಡಿರುತ್ತಾರೆ. ಕೊಳವೆಬಾವಿ ನೀರಿನ ಫ್ಲೋರೈಡು ಅದು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ಕುಡಿಯುವ ನೀರಿನ ನಿಯಮ. ಹಲ್ಲು ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವಾಗ, ಅಂದರೆ ಮಗುವಿಗೆ ಏಳೆಂಟು ವರ್ಷ ಆಗುವುದರೊಳಗೆ, ಕುಡಿದ ನೀರು ಬರೆದ ಬರಹ. ಆಮೇಲೆ ಊರು ಬಿಟ್ಟರೂ ಅಳಿಸದು, ಬ್ರಶ್ಶು ಸವೆಸಿದರೂ ಹೋಗದು.

ಹೋದ ವರ್ಷ ಹದಿನಾಲ್ಕರ ಒಬ್ಬಳು ಹುಡುಗಿ ಬಂದಿದ್ದಳು. ಅವಳ ಹಲ್ಲಿಗೆ ಆಸಿಡ್ ಹಚ್ಚಿದರೆ ಸುಣ್ಣದ ಬಿಳುಪು ಬರಲೇ ಇಲ್ಲ. ಫ್ಲೋರೈಡು ಕುಡಿದ ಎನಾಮಲ್ ಆಸಿಡ್ಡಿಗೂ ಬಗ್ಗುವುದಿಲ್ಲ. ಹೆಚ್ಚು ಹೊತ್ತು ಬಿಟ್ಟು, ಎರಡು ಸಲ ಹಚ್ಚಿ ಅಂಟಿಸಿದೆವು. ಆದರೂ ಮೊದಲ ಎರಡು ತಿಂಗಳಲ್ಲಿ ಐದು ಸಲ ಕಿತ್ತುಬಂತು. ಪ್ರತಿ ಸಲ ತಾಯಿ ಮಗಳು ಬೆಳಿಗ್ಗೆಯ ಬಸ್ಸು ಹಿಡಿದು ಬರಬೇಕು, ತಾಯಿಯ ಒಂದು ದಿನದ ಕೂಲಿ ಹೋಯಿತು. ಐದನೇ ಸಲ ತಾಯಿ ಕುರ್ಚಿಯ ಪಕ್ಕ ನಿಂತು, ಮಗಳಿಗೆ ಕೇಳಿಸದ ಹಾಗೆ, "ಏನೂ ಗಟ್ಟಿ ತಿನ್ನಾಕ ಕೊಟ್ಟಿಲ್ಲ ರೀ, ದೇವ್ರಾಣಿ" ಅಂದರು. ಗೊತ್ತಮ್ಮ, ನಿಮ್ಮ ತಪ್ಪಲ್ಲ, ನೀರಿಂದು ಅಂದೆ. "ನೀರು ನಾವೇ ಕುಡಿಸಿದ್ದಲ್ರೀ" ಅಂದುಬಿಟ್ಟರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಕ್ಷನ್ ಹಿಡಿದು ಆ ಹಲ್ಲನ್ನು ಎಂದಿಗಿಂತ ಹೆಚ್ಚು ಹೊತ್ತು ಒಣಗಿಸಿದೆ.

ಅಳತೆ ತೆಗೆಯುವ ದಿನ ಇನ್ನೊಂದು ಬಗೆಯ ಪರದಾಟ. ಆಲ್ಜಿನೇಟ್ ಅನ್ನುವ ಗುಲಾಬಿ ಪುಡಿ, ಸಮುದ್ರದ ಪಾಚಿಯಿಂದ ತೆಗೆದದ್ದು. ಎರಡನೇ ಮಹಾಯುದ್ಧದಲ್ಲಿ ಮೊದಲು ಅಳತೆಗೆ ಬಳಸುತ್ತಿದ್ದ, ಜಪಾನಿನಿಂದ ಬರುತ್ತಿದ್ದ ಅಗರ್ ಅನ್ನುವ ಜೆಲ್ ನಿಂತುಹೋದಾಗ ಅದರ ಬದಲಿಗೆ ಬಳಕೆಗೆ ಬಂತು. ರಬ್ಬರ್ ಬಟ್ಟಲಿನಲ್ಲಿ ನೀರು ಬೆರೆಸಿ, ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಕಲಸಿದರೆ ದೋಸೆಹಿಟ್ಟಿಗಿಂತ ಗಟ್ಟಿ, ವಡೆಹಿಟ್ಟಿಗಿಂತ ತೆಳು ಆಗುತ್ತದೆ. ಮುಕ್ಕಾಲು ನಿಮಿಷದಲ್ಲಿ ಕಲಸಿ ಮುಗಿಸಬೇಕು. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ತಾರಸಿ ಟ್ಯಾಂಕಿನ ನೀರು ಹಾಕಿ ಒಮ್ಮೆ ಕಲಸಿದ್ದೆ. ಬಿಸಿಗೆ ಬಟ್ಟಲಲ್ಲೇ ಗಟ್ಟಿಯಾಗಿ, ಕರಣಿಯ ಸಮೇತ ಎತ್ತಿದರೆ ಇಡೀ ಬಟ್ಟಲೇ ಎದ್ದುಬಂತು. ಈಗ ಅದಕ್ಕೆಂದೇ ಫ್ರಿಜ್ಜಿನಲ್ಲಿ ಒಂದು ಬಾಟಲಿ ನೀರು, ಮೇಲೆ "ಕುಡಿಯಬೇಡಿ" ಚೀಟಿ.

ಬಾಯಿ ತುಂಬ ಆ ಗುಲಾಬಿ ಮುದ್ದೆ ಕೂತಾಗ ವಾಕರಿಕೆ ಬರದವರು ಕಡಿಮೆ. ನನ್ನ ಮಂತ್ರ: ಮೂಗಲ್ಲಿ ಉಸಿರಾಡು, ಬಲಗಾಲು ಮೇಲೆತ್ತು, ಹೆಬ್ಬೆರಳು ಅಲ್ಲಾಡಿಸು, ಅದನ್ನೇ ನೋಡು. ಕಾಲಿನ ಮೇಲೆ ಗಮನ ಹೋದರೆ ಗಂಟಲು ಮರೆಯುತ್ತದೆ. ಒಬ್ಬ ಪೊಲೀಸಪ್ಪ ಬೂಟು ಹಾಕಿಕೊಂಡೇ ಕಾಲೆತ್ತಿ ಹೊಯ್ದಾಡಿ ಟ್ರೇ ಸ್ಟ್ಯಾಂಡನ್ನು ಒದ್ದು ಬೀಳಿಸಿದ್ದು ಬಿಟ್ಟರೆ ಈ ಮಂತ್ರ ಕೈಕೊಟ್ಟದ್ದಿಲ್ಲ. ಹೊರತೆಗೆದ ಅಚ್ಚನ್ನು ಕಾಯಿಸುವ ಹಾಗಿಲ್ಲ. ನೀರು ಬಿಟ್ಟುಕೊಂಡು ಕುಗ್ಗುತ್ತದೆ, ಅಳತೆ ಸುಳ್ಳಾಗುತ್ತದೆ. ಕೂಡಲೇ ತೊಳೆದು, ಸೋಂಕುನಾಶಕ ಹಾಕಿ, ಪ್ಲಾಸ್ಟರಿನಂಥ ಕಲ್ಲುಪುಡಿ ಕಲಸಿ ಅದರೊಳಗೆ ಹೊಯ್ಯಬೇಕು. ದೊಡ್ಡ ಊರುಗಳಲ್ಲಿ ಈಗ ಕ್ಯಾಮೆರಾದ ಕಡ್ಡಿ ಆಡಿಸಿ ಅಳತೆ ತೆಗೆಯುತ್ತಾರೆ. ನಮ್ಮಲ್ಲಿ ಇನ್ನೂ ಬಂದಿಲ್ಲ. ಬಂದರೆ ಮಕ್ಕಳಿಗೆ ಸುಖ, ನನಗೆ ಸ್ವಲ್ಪ ಬೇಜಾರಾಗಬಹುದು.

ಸಂಜೆ ಏಳೂವರೆಗೆ ಕೊನೆಯ ರೋಗಿ ಹೋದ ಮೇಲೆ ಶುರುವಾಗುವುದೇ ಅಜ್ಜಿ ಹೇಳಿದ ಕೆಲಸ. ಕೊಳೆಯಾದ ಸಾಮಾನಿಗೆ ಒಂದು ಕಡೆ, ತೊಳೆದದ್ದಕ್ಕೆ ಇನ್ನೊಂದು ಕಡೆ, ನಡುವೆ ದಾಟುವಂತಿಲ್ಲ. ರೋಗಿಯ ಬಾಯಿ ಮುಟ್ಟಿದ ಗ್ಲೌಸಿನ ಕೈ ಡ್ರಾಯರ್ ಎಳೆಯಬಾರದು, ಪೆನ್ನು ಹಿಡಿಯಬಾರದು, ಫೋನು ಎತ್ತಬಾರದು. ಏನಾದರೂ ಬೇಕಾದರೆ ಗ್ಲೌಸ್ ಕಳಚಿ ತೆಗೆದುಕೊಳ್ಳಬೇಕು, ಇಲ್ಲ ಇನ್ನೊಬ್ಬರ ಕೈಯಿಂದ ಬಡಿಸಿಕೊಳ್ಳಬೇಕು. ಮೊದಲ ದಿನ ಮೇಡಂ ಇದನ್ನೆಲ್ಲ ಹೇಳಿಕೊಡುವಾಗ ನನಗೆ ಒಂದೂ ಹೊಸದೆನಿಸಲಿಲ್ಲ. ನನ್ನ ಜೊತೆ ಸೇರಿದ ಹುಡುಗಿ ತಿಂಗಳುಗಟ್ಟಲೆ ಮರೆತು ಬೈಸಿಕೊಂಡಳು. ನಾನು ಬೈಸಿಕೊಳ್ಳಲಿಲ್ಲ. ಹೊನ್ನಾಳಿಯ ಆ ಒಲೆ ಮುಂದೆ ನನ್ನ ಟ್ರೇನಿಂಗ್ ಮುಗಿದಿತ್ತು.

ಇಕ್ಕಳಗಳನ್ನು ಬಿಚ್ಚಿ ಉಜ್ಜಿ, ಒಣಗಿಸಿ, ಕೀಲಿಗೆ ಎಣ್ಣೆ ಬಿಟ್ಟು, ಪೌಚಿಗೆ ಹಾಕಿ, ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ. 121 ಡಿಗ್ರಿ, 15 ಪೌಂಡ್ ಒತ್ತಡ. ಅಡುಗೆಮನೆಯ ಕುಕ್ಕರು ಸೀಟಿ ಹೊಡೆಯುವಾಗಲೂ ಒಳಗೆ ಇರುವುದು ಹೆಚ್ಚುಕಡಿಮೆ ಅಷ್ಟೇ. ಪೌಚಿನ ಮೇಲಿನ ಪಟ್ಟಿ ಬಣ್ಣ ತಿರುಗಿದ್ದರೆ ಸರಿ, ಇಲ್ಲದಿದ್ದರೆ ಎಲ್ಲ ಮತ್ತೆ ಒಳಗೆ. ಕಸಕ್ಕೂ ಜಾತಿ ಇದೆ: ರಕ್ತ ಉಗುಳು ಹತ್ತಿದ ಹತ್ತಿ ಹಳದಿ ಡಬ್ಬಿಗೆ, ಗ್ಲೌಸು ಕೆಂಪಿಗೆ, ಕತ್ತರಿಸಿದ ತಂತಿಯ ಚೂರು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಆ ಚೂರುಗಳನ್ನು ಎಣಿಸುತ್ತೇನೆ. ಎರಡು ಕಡೆ ಕತ್ತರಿಸಿದರೆ ಎರಡು ಚೂರು ಸಿಗಬೇಕು. ಸಿಗದಿದ್ದರೆ ರೋಗಿಯನ್ನು ಏಳಲು ಬಿಡುವುದಿಲ್ಲ.

ಅಜ್ಜಿಯ ಎಂಜಲಿನಲ್ಲಿ ಕಾಣದ್ದೊಂದು ನಮ್ಮದರಲ್ಲಿದೆ. ಐದು ವರ್ಷದ ಕೆಳಗೆ ತಂತಿಯ ತುದಿಯೊಂದು ಗ್ಲೌಸು ಹಾದು ನನ್ನ ಎಡ ತೋರುಬೆರಳಿಗೆ ಚುಚ್ಚಿತು. ಸಾಸಿವೆಯಷ್ಟು ರಕ್ತ. ಸೋಪು ಹಚ್ಚಿ ನಲ್ಲಿಯ ಕೆಳಗೆ ಹಿಡಿದುಕೊಂಡು ನಿಂತೆ. ಸೇರಿದ ಹೊಸದರಲ್ಲೇ ಮೇಡಂ ಹೆಪಟೈಟಿಸ್ ಬಿ ಚುಚ್ಚುಮದ್ದು ಮೂರು ಹಾಕಿಸಿದ್ದರು, ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮತ್ತೊಂದು. ಅದೊಂದು ಧೈರ್ಯ. ಉಳಿದದ್ದಕ್ಕೆ ರಕ್ತಪರೀಕ್ಷೆ, ಮತ್ತೆ ಪರೀಕ್ಷೆ. ಏನೂ ಇರಲಿಲ್ಲ. ಆದರೆ ಆ ವಾರಗಳಲ್ಲಿ ಮನೆಯಲ್ಲಿ ಮಗಳ ತಟ್ಟೆ ಮುಟ್ಟುವಾಗ ಕೈ ಹಿಂದೆಗೆಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಕ್ಲಿನಿಕ್ಕಿಗೆ ಬಾಗಿಲು ಹಾಕಿದೆವು. ಬಾಯಲ್ಲಿ ತಂತಿ ಇಟ್ಟುಕೊಂಡ ಮಕ್ಕಳು ಊರೂರಲ್ಲಿ ಉಳಿದರು. ವಿಡಿಯೋದಲ್ಲಿ ಬಾಯಿ ತೆರೆಸಿ, ಚುಚ್ಚುವ ತುದಿಗೆ ಕಡಲೆಕಾಳಿನಷ್ಟು ಮೇಣ ಹಚ್ಚುವುದನ್ನು ತೋರಿಸಿಕೊಡುವುದೇ ಕೆಲಸ. ಟಿವಿಯಲ್ಲಿ ದಿನಾ ಉಗುಳಿನ ಹನಿ ಎಷ್ಟು ದೂರ ಹಾರುತ್ತದೆ ಅಂತ ಬಾಣದ ಗುರುತು ಹಾಕಿ ತೋರಿಸುತ್ತಿದ್ದರು. ಊರಿಂದ ಅಜ್ಜಿ ಫೋನ್ ಮಾಡಿದಳು. "ನೋಡಿದೇನು? ನಾ ಹೇಳಿದ್ರ ನಗತಿದ್ರಿ. ಈಗ ಪ್ರಧಾನಮಂತ್ರಿನೂ ಅದನ್ನೇ ಹೇಳಾಕತ್ಯಾನ."

ಅಜ್ಜಿಗೆ ಎಂಬತ್ತು ದಾಟಿದ ಮೇಲೆ ಒಂದು ಆಸೆ ಹುಟ್ಟಿತು: ರೊಟ್ಟಿ ತಿನ್ನಬೇಕು, ಹಾಲಲ್ಲಿ ನೆನೆಸದೆ. ಬಾಯಲ್ಲಿ ಉಳಿದದ್ದು ಕೆಳಗಿನ ಒಂದೇ ಕೋರೆಹಲ್ಲು. ಎಲ್ಲಕ್ಕಿಂತ ಕಡೆಗೆ ಹೋಗುವ ಹಲ್ಲು ಸಾಮಾನ್ಯವಾಗಿ ಅದೇ. ನಮ್ಮಲ್ಲಿ ವಾರಕ್ಕೆರಡು ದಿನ ಹಲ್ಲುಸೆಟ್ಟಿನ ಡಾಕ್ಟ್ರು ಬರುತ್ತಾರೆ. ಅಪ್ಪ ಕರಕೊಂಡು ಬಂದ. ಇಷ್ಟು ವರ್ಷದಲ್ಲಿ ಅಜ್ಜಿ ನನ್ನ ಕೆಲಸದ ಜಾಗ ನೋಡಿದ್ದು ಅದೇ ಮೊದಲು. ಚಪ್ಪಲಿ ಹೊರಗೆ ಬಿಟ್ಟಳು, ಸುತ್ತ ಒಮ್ಮೆ ನೋಡಿದಳು. ಎರಡು ಬೇಸಿನ್ನು ಯಾಕೆ ಅಂತ ಕೇಳಿದಳು. ಹೇಳಿದೆ. "ಹೂಂ" ಅಂದಳು.

ಫ್ರಿಜ್ಜಿನ ನೀರು ಹಾಕಿ ಕಲಸಿದೆ. ಡಾಕ್ಟ್ರು ಕೆಳದವಡೆಗೆ ಟ್ರೇ ಒತ್ತಿ ಹಿಡಿದರು. ಅಜ್ಜಿಗೆ ಕಾಲೆತ್ತುವ ಮಂತ್ರ ಬೇಕಾಗಲಿಲ್ಲ, ಕಣ್ಣು ಮುಚ್ಚಿ ಕಲ್ಲಿನಂತೆ ಕೂತಿದ್ದಳು. ಎರಡು ನಿಮಿಷಕ್ಕೆ ಟ್ರೇ ಹೊರಬಂತು, ಜೊತೆಗೆ ಒಂದು ಎಳೆ ಜೊಲ್ಲು. ನಾನು ಕೈ ಚಾಚುವುದರೊಳಗೆ ಅಜ್ಜಿ ಡಾಕ್ಟ್ರ ಕೈಯಿಂದ ಟ್ರೇ ಇಸಿದುಕೊಂಡು ಮಡಿಲಲ್ಲಿಟ್ಟು ಸೆರಗು ಮುಚ್ಚಿದಳು.

"ಅಜ್ಜಿ, ಕೊಡು."

"ನಳ ಎಲ್ಲೈತಿ ತೋರಿಸು. ನಾನೇ ತೊಳಕೊಂತೀನಿ."

"ನಾನು ತೊಳೀತೀನಿ. ದಿನಾ ಮೂವತ್ತು ಮಂದಿದು ತೊಳೀತೀನಲ್ಲ."

"ಮಂದಿದು ತೊಳಿ. ನಂದು ನೀ ತೊಳೀಬ್ಯಾಡ."

ಡಾಕ್ಟ್ರು ನನ್ನ ಮುಖ ನೋಡಿದರು. ಹೊರಗೆ ಮೂರು ಜನ ಕಾದಿದ್ದರು. ಅಚ್ಚು ಕುಗ್ಗುತ್ತದೆ ಅಜ್ಜಿ, ತಡ ಮಾಡಿದರೆ ಅಳತೆ ಕೆಡುತ್ತದೆ, ರೊಟ್ಟಿ ತಿನ್ನಲು ಬರುವುದಿಲ್ಲ ಅಂದೆ. ರೊಟ್ಟಿಯ ಮಾತಿಗೆ ಸೆರಗು ಸ್ವಲ್ಪ ಸಡಿಲವಾಯಿತು. ನನ್ನ ಕೈಯ ಗ್ಲೌಸುಗಳನ್ನು ಒಂದೊಂದಾಗಿ ನೋಡಿದಳು, ತೂತು ಇದೆಯೇನೋ ಅನ್ನುವ ಹಾಗೆ. ಆಮೇಲೆ ಟ್ರೇಯ ಹಿಡಿಯನ್ನು, ಹಿಡಿಯನ್ನಷ್ಟೇ, ನನ್ನ ಕಡೆ ತಿರುಗಿಸಿ ಚಾಚಿದಳು.

ನಲ್ಲಿಯ ಕೆಳಗೆ ಹಿಡಿದೆ. ಜೊಲ್ಲು ಹರಿದು ಹೋದ ಮೇಲೆ ಗುಲಾಬಿ ಅಚ್ಚಿನಲ್ಲಿ ಕುದುರೆಲಾಳದ ಹಾಗೆ ನುಣ್ಣಗಿನ ಒಂದು ಕಾಲುವೆ, ಅದರ ಎಡಬದಿಯಲ್ಲಿ ಆಳವಾದ ಒಂದೇ ಗುಳಿ. ಬೆನ್ನಿನ ಹಿಂದೆ ಅಜ್ಜಿ ಕುರ್ಚಿಯಿಂದ ಇಳಿದು, ತಾನು ಕೂತಿದ್ದ ಜಾಗವನ್ನು ಸೆರಗಿನಿಂದ ಒರೆಸುತ್ತಿದ್ದಳು. ಬಿಡು ಅಜ್ಜಿ, ನಾನು ಒರೆಸುತ್ತೇನೆ ಅಂದೆ, ತಿರುಗದೆ. ಕಲ್ಲುಪುಡಿ ಕಲಸಿ, ಬಟ್ಟಲನ್ನು ಮೇಜಿಗೆ ತಟ್ಟಿ ತಟ್ಟಿ ಗುಳ್ಳೆ ಬಿಡಿಸಿ, ಮೊದಲು ಆ ಗುಳಿಯೊಳಕ್ಕೆ ಒಂದು ತೊಟ್ಟು ಬಿಟ್ಟೆ.